ಮುಂದೆ ಬಿಟ್ಟ ಜಾಗ

ಊಟ ಮುಗಿದ ಮೇಲೆ, ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ, ನಾನು ಲಿನಕ್ಸ್ ಕರ್ನೆಲ್ ಓದುತ್ತೇನೆ. ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ಕೂರುವುದು ನೆಟ್‌ವರ್ಕ್ ಪ್ಯಾಕೆಟ್ಟನ್ನು ಹೊರುವ ಎಸ್‌ಕೆ-ಬಫ್ ಎಂಬ ಸ್ಟ್ರಕ್ಚರಿನ ಬಳಿಯೇ. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸೇ. ಚಾಮರಾಜನಗರದಿಂದ ಅಕ್ಕ ಕಳಿಸಿದ ಫೋಟೊ ನನ್ನ ಫೋನಿಗೆ ಇಳಿಯುವುದು ಈ ಎಸ್‌ಕೆ-ಬಫ್‌ನಲ್ಲೇ ಕೂತು.

ಅಕ್ಕನ ಮಗ ಅಲ್ಲೇ ಇಂಜಿನಿಯರಿಂಗ್ ಓದುತ್ತಾನೆ. ಒಂದು ಭಾನುವಾರ ಕೇಳಿದ: “ಮಾವ, ಟಿಸಿಪಿ, ಐಪಿ, ಈಥರ್‌ನೆಟ್ ಅಂತ ಒಂದೊಂದೇ ಹೆಡರ್ ಮುಂದೆ ಸೇರ್ತಾ ಹೋದ್ರೆ, ಪ್ರತಿ ಸಲ ಡೇಟಾನೆಲ್ಲ ಹಿಂದಕ್ಕೆ ತಳ್ಬೇಕಲ್ವಾ?”

ಇಡೀ ಸೊಗಸು ಇರುವುದು ಆ ಪ್ರಶ್ನೆಯಲ್ಲೇ. ಹಾಳೆಯ ಮೇಲೆ ಉದ್ದನೆಯ ಚೌಕ ಬರೆದು ನಾಲ್ಕು ಬಾಣ ಹಾಕಿದೆ: ಹೆಡ್, ಡೇಟಾ, ಟೇಲ್, ಎಂಡ್. ಕರ್ನೆಲ್ ಮುಂಭಾಗದಲ್ಲಿ ಮೊದಲೇ ಜಾಗ ಬಿಟ್ಟು ಡೇಟಾ ತುಂಬುತ್ತದೆ. ಟಿಸಿಪಿ ಹೆಡರಿಗೆ ಕಡಿಮೆಯೆಂದರೂ 20 ಬೈಟ್ ಬೇಕು. ಡೇಟಾ ಬಾಣ ಆ ಖಾಲಿ ಜಾಗದತ್ತ ಅಷ್ಟು ಸರಿಯುತ್ತದೆ. ಐಪಿಗೆ ಮತ್ತೆ 20, ಈಥರ್‌ನೆಟ್ಟಿಗೆ 14. ತುಂಬಿಟ್ಟದ್ದು ಒಂದು ಬೈಟೂ ಕದಲುವುದಿಲ್ಲ! ಬರುವ ಪ್ಯಾಕೆಟ್ಟಿನಲ್ಲಿ ಅದೇ ಬಾಣ ಉಲ್ಟಾ ದಿಕ್ಕಿಗೆ ಹೋಗುತ್ತದೆ, ದಾಟಿದ ಹೆಡರ್ ಅಳಿಯದೆ ಹಾಗೇ ಇರುತ್ತದೆ. ಕರ್ನೆಲ್ಲಿನ ಒಳಗೆ ಒಂದೇ ಪ್ಯಾಕೆಟ್ ಇಬ್ಬರಿಗೆ ಬೇಕಾದಾಗಲೂ ನಕಲಾಗುವುದು ಬಾಣಗಳಿರುವ ಪುಟ್ಟ ಸ್ಟ್ರಕ್ಚರ್ ಮಾತ್ರ; ಡೇಟಾ ಇಬ್ಬರಿಗೂ ಒಂದೇ.

1983ರ 4.2 ಬಿಎಸ್‌ಡಿ ಯುನಿಕ್ಸ್, 128 ಬೈಟಿನ ಎಂಬಫ್ ಎಂಬ ತುಣುಕುಗಳನ್ನು ಕೊಂಡಿ ಹಾಕಿ ಇದೇ ಕೆಲಸ ಮಾಡುತ್ತಿತ್ತು. ಮೆಮೊರಿ ದುಬಾರಿಯಿದ್ದ ಕಾಲಕ್ಕೆ ಅದು ಜಾಣತನ. ಓದುವ ಸುಖ ನನಗೆ ಲಿನಕ್ಸಿನದರಲ್ಲೇ ಹೆಚ್ಚು.

ಇನ್ನು ಪ್ಯಾಕೆಟ್ಟುಗಳು ಕಾಯುವ ಸಾಲು. 2009ರಿಂದ ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆಗ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟುವ ಲಾರಿಗಳಂತೆ ಪ್ಯಾಕೆಟ್ಟುಗಳೂ ಕಾಯುತ್ತವೆ. ಪ್ರತಿಯೊಂದಕ್ಕೂ ಗೊತ್ತಿರುವುದು ತನ್ನ ಮುಂದಿನದು, ಹಿಂದಿನದು ಮಾತ್ರ. ಒಟ್ಟು ಲೆಕ್ಕ ಇಡುವುದು ಸಾಲಿನ ತಲೆ. ಆ ತಲೆಯ ಮೊದಲೆರಡು ಪಾಯಿಂಟರುಗಳು ಎಸ್‌ಕೆ-ಬಫ್‌ನವುಗಳ ರೂಪದಲ್ಲೇ ಇವೆ. ಹೀಗಾಗಿ ತಲೆಯೇ ಸುತ್ತಿನ ಒಂದು ಕೊಂಡಿಯಾಗಿ ನಿಲ್ಲುತ್ತದೆ, ಖಾಲಿ ಸಾಲಿಗೆಂದು ಬೇರೆ ಕೋಡ್ ಬರೆಯಬೇಕಿಲ್ಲ. ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೆಲಸ ಮುಗಿಸಿದ ಪ್ಯಾಕೆಟ್ಟಿನ ಬಿಡುಗಡೆಗೆ ಒಂದು ಫಂಕ್ಷನ್, ನಡುವೆ ಕೈಬಿಟ್ಟದ್ದಕ್ಕೆ ಇನ್ನೊಂದು. 2022ರ 5.17 ಆವೃತ್ತಿಯಿಂದ ಕೈಬಿಟ್ಟ ಕಾರಣವನ್ನೂ ಹೇಳಲು ಬರುತ್ತದೆ. ಮುಂದಿನ ಭಾನುವಾರ ಹುಡುಗನ ಜೊತೆ ಆ ಕಾರಣಗಳ ಪಟ್ಟಿ ಓದಬೇಕು: ಸಾಕೆಟ್ ಇಲ್ಲ, ಪ್ಯಾಕೆಟ್ ತೀರ ಚಿಕ್ಕದು, ಚೆಕ್‌ಸಮ್ ತಾಳೆಯಾಗಲಿಲ್ಲ.