‘ಅಲರ್ಜಿ’ ಅಂತ ಬರೆದ್ರ ಮುಗೀತಾ?

ಹಲ್ಲು ಕೀಳೋ ಮುಂಚೆ ಒಸಡಿಗೆ ಮರಗಟ್ಟೋ ಇಂಜೆಕ್ಷನ್ ಕೊಡ್ತಾರಲ್ಲ, ಅದು ಹೆಚ್ಚಾಗಿ ಲಿಗ್ನೊಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಔಷಧಿ. ಇವತ್ತು ಬೆಳಗಾವಿಯ ದೊಡ್ಡಾಸ್ಪತ್ರೆಯಲ್ಲೂ ಐತಿ, ಖಾನಾಪುರದ ಸಣ್ಣ ಕ್ಲಿನಿಕ್ಕಿನಲ್ಲೂ ಐತಿ.

ಖಾನಾಪುರದಾಗಿರೋ ನಮ್ಮ ಕಾಕು ಒಮ್ಮೆ ಈ ಇಂಜೆಕ್ಷನ್ ತಗೊಂಡ ಕೂಡಲೇ ಬೆವೆತು, ಕಣ್ಣು ಕತ್ತಲಾಗಿ, ಕುರ್ಚಿಯಲ್ಲೇ ವಾಲಿದ್ರು. ಚೀಟಿ ಮೇಲೆ ‘ಅಲರ್ಜಿ’ ಅಂತ ಬರೆದು ಕಳಿಸಿದ್ರು. ಆಮೇಲೆ ಆರು ವರ್ಷ ಹುಳುಕು ಹಲ್ಲು ಹಾಗೇ ಉಳೀತು. ರೊಟ್ಟಿ ಒಂದೇ ದವಡೆಯಲ್ಲಿ ಅಗೀತಿದ್ರು. ಕೆನ್ನೆ ಬಾತಾಗ ಲವಂಗ, ಉಪ್ಪುನೀರು. ಬೆಳಗಾವಿ ಬರೀ 25 ಕಿ.ಮೀ. ಆದರೂ ‘ನನಗ ಅದು ಆಗಿಬರಂಗಿಲ್ಲ’ ಅಂತ ಹೋಗಲೇ ಇಲ್ಲ.

ಈಗ ಕೇಳ್ರಿ. ಈ ಔಷಧಿಗೆ ನಿಜವಾದ ಅಲರ್ಜಿ ಬಹಳ ಅಪರೂಪ. ಹೆದರಿಕೆಗೆ ಬಿಪಿ ಇಳಿದು ತಲೆಸುತ್ತೋದು, ಜೊತೆಗೆ ಬೆರೆಸಿದ ಅಡ್ರಿನಾಲಿನ್‌ನಿಂದ ಎದೆ ಡವಡವ ಅನ್ನೋದು, ಇವು ಅಲರ್ಜಿ ಅಲ್ಲ. ದದ್ದು, ತುರಿಕೆ, ತುಟಿ-ನಾಲಿಗೆ ಊತ, ಉಬ್ಬಸ ಬಂದ್ರ ಅನುಮಾನ ಪಡಬೇಕು. ಉಸಿರು ಕಟ್ಟಿದ್ರ ತಡ ಮಾಡದೆ 108. ಆಗಲೂ ತಪ್ಪು ಲಿಗ್ನೊಕೇನ್‌ದೇ ಆಗಿರಬೇಕಂತಿಲ್ಲ. ಸೀಸೆಯಲ್ಲಿ ಕೆಡದಂತೆ ಹಾಕಿದ ಮೀಥೈಲ್‌ಪ್ಯಾರಬೆನ್, ಗ್ಲೌಸಿನ ರಬ್ಬರ್, ಅದೇ ದಿನ ನುಂಗಿದ ಆಂಟಿಬಯೋಟಿಕ್ ಕೂಡ ಕಾರಣ ಇರಬಹುದು.

ಕಡೀಗೆ ಬೆಳಗಾವಿಯಲ್ಲಿ ಕಾಕುಗೆ ಟೆಸ್ಟ್ ಆಯ್ತು. ಅಡ್ರಿನಾಲಿನ್, ಪ್ಯಾರಬೆನ್ ಇಲ್ಲದ ಔಷಧಿ. ಮೊದಲು ಮುಂಗೈ ಮೇಲೆ ಒಂದು ಹನಿ ಇಟ್ಟು ಸೂಜಿ ಚುಚ್ಚಿದ್ರು, ಆಮೇಲೆ ಚರ್ಮದೊಳಗೆ ಚೂರು, ಆಮೇಲೆ ಚರ್ಮದಡಿ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ. ಪ್ರತಿ ಹಂತದ ನಂತರ ಕಾದು ನೋಡೋದು, ತುರ್ತು ಔಷಧಿ ಪಕ್ಕದಲ್ಲೇ. ಲಿಗ್ನೊಕೇನ್ ಆಗದಿದ್ರ ಆರ್ಟಿಕೇನ್, ಮೆಪಿವಕೇನ್ ಥರದ್ದನ್ನ ಇದೇ ರೀತಿ ಪರೀಕ್ಷಿಸಿ ಆರಿಸ್ತಾರ. ಅದರ ಅವಶ್ಯಕತೆ ಬರಲಿಲ್ಲ. ಹಲ್ಲು ಹೋಯ್ತು, ಹೊಸ ಚೀಟಿ ಬಂತು: ‘ಲಿಗ್ನೊಕೇನ್ ಕೊಡಬಹುದು. ಮಲಗಿಸಿ ಕೊಡಿ.’

ನಿಮ್ಮ ಮನ್ಯಾಗೂ ಯಾರಾದ್ರೂ ‘ನನಗ ಅಲರ್ಜಿ’ ಅಂತ ನೋವು ನುಂಗ್ತಿದ್ರ ಇಷ್ಟು ಕೇಳಿ ಬರೆದಿಡಿ: ಯಾವ ಔಷಧಿ? ಎಷ್ಟು ನಿಮಿಷಕ್ಕೆ? ಏನಾಯ್ತು? ಹೆಂಗ ಕಡಿಮೆ ಆಯ್ತು? ಆ ಚೀಟಿ ಹಿಡ್ಕೊಂಡು ಬಿಮ್ಸ್ ಜಿಲ್ಲಾಸ್ಪತ್ರೆಯಲ್ಲೋ ದಂತ ಕಾಲೇಜಿನಲ್ಲೋ ವಿಚಾರಿಸ್ರಿ. ಮನೆಯಲ್ಲಿ ಪ್ರಯೋಗ ಬ್ಯಾಡ. ಟೆಸ್ಟಿನಲ್ಲಿ ಅಲರ್ಜಿ ಖರೇ ಅಂತ ಬಂದ್ರೂ, ಯಾವುದು ನಡೀತದ ಅಂತ ಗೊತ್ತಾಗ್ತದ.