ಮೂರು ಚುಕ್ಕಿಯ ಆಚೆ ಸೆಂಟ್ರಲ್

ಚೆನ್ನೈನಲ್ಲಿ ಆಟೊ ಹತ್ತಿ ‘ಸೆಂಟ್ರಲ್’ ಅಂದರೆ ಸಾಕು, ಮಿಕ್ಕಿದ್ದು ಬಾಡಿಗೆಯ ಚೌಕಾಸಿ. ಆದರೆ 2019ರಿಂದ ಆ ರೈಲು ನಿಲ್ದಾಣದ ಪೂರ್ತಿ ಹೆಸರು ‘ಪುರಚ್ಚಿ ತಲೈವರ್ ಡಾಕ್ಟರ್ ಎಂ.ಜಿ. ರಾಮಚಂದ್ರನ್ ಸೆಂಟ್ರಲ್’. ಬಾಯಲ್ಲಿ ಹೇಳುವವರಿಗೆ ತೊಂದರೆಯಿಲ್ಲ. ಅಂಗೈಯಗಲದ ಪರದೆಯಲ್ಲಿ ಅದನ್ನು ಕೂರಿಸಬೇಕಾದ ಆ್ಯಪ್ ಬರೆಯುವವರಿಗೇ ಪೇಚಾಟ.

ಅವರ ಕೈಯಲ್ಲೊಂದು ಸಣ್ಣ ಸೂಚನೆ ಇದೆ. ಆಂಡ್ರಾಯ್ಡ್‌ನಲ್ಲಿ ‘ಮ್ಯಾಕ್ಸ್‌ಲೈನ್ಸ್’, ಐಫೋನಿನ ಸ್ವಿಫ್ಟ್‌ಯುಐನಲ್ಲಿ ‘ಲೈನ್‌ಲಿಮಿಟ್’. ಇಷ್ಟೇ ಸಾಲು, ಅದಕ್ಕಿಂತ ಹೆಚ್ಚು ಬೇಡ ಎನ್ನುವ ಅಪ್ಪಣೆ. ಉಳಿದದ್ದರ ಜಾಗಕ್ಕೆ ಮೂರು ಚುಕ್ಕಿ. ಪಟ್ಟಿ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಆದರೆ ಚುಕ್ಕಿ ಬೀಳುವುದು ಸಾಮಾನ್ಯವಾಗಿ ಬಾಲಕ್ಕೆ, ನಮ್ಮ ಕಡೆ ಹೆಸರಿನ ಜೀವ ಇರುವುದೇ ಬಾಲದಲ್ಲಿ.

2020ರಲ್ಲಿ ಸೆಂಟ್ರಲ್ ಮೆಟ್ರೊ ನಿಲ್ದಾಣಕ್ಕೂ ಎಂಜಿಆರ್ ಹೆಸರು ಬಂತು. ಕೋಯಂಬೇಡಿನ ಬಸ್ ನಿಲ್ದಾಣಕ್ಕೆ ಹೊಂದಿಕೊಂಡ ಸಿಎಂಬಿಟಿ ಮೆಟ್ರೊ ನಿಲ್ದಾಣ ‘ಪುರಚ್ಚಿ ತಲೈವಿ ಡಾಕ್ಟರ್ ಜೆ. ಜಯಲಲಿತಾ ಸಿಎಂಬಿಟಿ’ ಆಯಿತು. ಎರಡೂ ಇರುವುದು ಒಂದೇ ಹಸಿರು ಮಾರ್ಗದಲ್ಲಿ. ಇಕ್ಕಟ್ಟಾದ ಒಂದು ಸಾಲಿನಲ್ಲಿ ಎರಡೂ ‘ಪುರಚ್ಚಿ ತಲೈ…’ ಆಗಿಬಿಟ್ಟರೆ ರೈಲಿಗೆ ಹೊರಟವರು ಯಾವುದನ್ನು ಒತ್ತಬೇಕು? ನಮ್ಮಲ್ಲೂ ಅಷ್ಟೆ: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು, ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ. ದೊಡ್ಡವರ ಹೆಸರು ಮುಂದೆ ನಡೆಯಲಿ, ಅದು ಸರಿಯೇ. ಹಿಂದೆ ಊರು ಬರುತ್ತಿದೆ ಎಂಬುದು ಕೋಡ್ ಬರೆಯುವವರ ಮನಸ್ಸಿನಲ್ಲಿರಬೇಕು. ರೈಲ್ವೆಯ ಸಂಕೇತಾಕ್ಷರ ಇಂಥಲ್ಲಿ ದೊಡ್ಡ ಆಸರೆ. ಸೆಂಟ್ರಲ್‌ಗೆ ಇಂದಿಗೂ ‘ಎಂಎಎಸ್’, ಹಳೆಯ ಮದ್ರಾಸು ಆ ಮೂರಕ್ಷರದಲ್ಲಿ ಉಳಿದಿದೆ.

ಆಂಡ್ರಾಯ್ಡ್‌ನಲ್ಲಿ ಹೆಸರಿನ ನಡುವೆ ಚುಕ್ಕಿ ಇಡುವ ಸೌಕರ್ಯವೂ ಉಂಟು. ಆದರೆ ಅದು ಒಂದೇ ಸಾಲಿದ್ದಾಗ ಮಾತ್ರ. ಎರಡು ಸಾಲು ಕೊಟ್ಟರೆ ಚುಕ್ಕಿ ಇಡಲು ಉಳಿಯುವುದು ಮತ್ತೆ ಬಾಲವೇ.

ಸಾಲು ಬಿಟ್ಟು ಅಕ್ಷರ ಎಣಿಸಿ ಕತ್ತರಿಸುವ ಪದ್ಧತಿಯೂ ಇದೆ. ಕನ್ನಡಕ್ಕೆ ಅದು ಇನ್ನೂ ಕೆಟ್ಟದ್ದು. ‘ರಾಷ್ಟ್ರ’ ನಮ್ಮ ಕಣ್ಣಿಗೆ ಎರಡಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಏಳು. ಐದಕ್ಕೆ ಕಡಿದರೆ ‘ರಾಷ್ಟ’ ಉಳಿಯುತ್ತದೆ, ರ ಒತ್ತು ಹೋಯಿತು.

ಕಣ್ಣು ಮಂಜಾದ ಹಿರಿಯರು ಫೋನಿನ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ. ಆಂಡ್ರಾಯ್ಡ್ 14ರಲ್ಲಿ ಶೇ 200ರವರೆಗೂ ಹಿಗ್ಗಿಸಬಹುದು. ಸಾಲಿನ ಕಟ್ಟು ಮಾತ್ರ ಹಾಗೇ ಇದ್ದರೆ ಎಲ್ಲರಿಗಿಂತ ಕಡಿಮೆ ಓದಲು ಸಿಗುವುದು ಅವರಿಗೇ. ಐಫೋನಿನ ಯುಐಲೇಬಲ್‌ನಲ್ಲಿ ಸಾಲಿನ ಸಂಖ್ಯೆಗೆ ಸೊನ್ನೆ ಎಂದು ಬರೆದರೆ ಮಿತಿಯೇ ಇಲ್ಲವೆಂದರ್ಥ. ಊರಿನ ಹೆಸರು ಆರಿಸಬೇಕಾದ ಕಡೆಯೆಲ್ಲ ಆ ಸೊನ್ನೆಯನ್ನೇ ಹಾಕಲಿ. ಪಟ್ಟಿ ಉದ್ದವಾದರೆ ಬೆರಳು ಇನ್ನೊಂದಿಷ್ಟು ಸರಿಸಿದರಾಯಿತು.