ಓಡುವವನ ಕಿವಿ

ಕಣ್ಣಿಗೆ ರೆಪ್ಪೆಯನ್ನಿತ್ತ ಪ್ರಕೃತಿ ಕಿವಿಗೆ ಬಾಗಿಲನ್ನಿಡಲಿಲ್ಲ. ಮನುಷ್ಯನು ನಿದ್ರಿಸಿದರೂ ಅದು ತೆರೆದೇ ಇರುತ್ತದೆ. ಹುಲಿ ಬಂದೀತು, ಹಾವು ಹರಿದೀತು ಎಂಬ ಕಾಲದಲ್ಲಿ ಈ ಏರ್ಪಾಡು ಸರಿಯಾಗಿಯೇ ಇದ್ದಿರಬೇಕು. ಹುಲಿ ಹೋಗಿ ಲಾರಿ ಬಂದಿರುವ ಈ ಕಾಲದಲ್ಲಿ ಮನುಷ್ಯನು ಆ ಬಾಗಿಲಿಲ್ಲದ ಮನೆಗೆ ತಾನೇ ಕದ ಮಾಡಿಕೊಂಡು, ಅದಕ್ಕೆ ಹೆಡ್‌ಫೋನು ಎಂದು ಹೆಸರಿಟ್ಟಿದ್ದಾನೆ.

ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರದ ತರುಣನೊಬ್ಬನಿಗೆ ಅಂತಹ ಕದವೊಂದು ಬೇಕಾಗಿದ್ದಿತು. ಆತನು ಪದವೀಧರ, ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಆಕಾಂಕ್ಷಿ. ಆ ಹುದ್ದೆಯನ್ನು ಬಯಸುವ ಗಂಡಸು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಿ ಮುಗಿಸಬೇಕು. 400 ಮೀಟರಿನ ಪಥದಲ್ಲಿ ಅದು ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡು. ಮೊದಲ ಎರಡು ಸುತ್ತುಗಳನ್ನು ಉತ್ಸಾಹವೇ ಓಡಿಸುತ್ತದೆ. ಮೂರನೆಯ ಸುತ್ತಿನಲ್ಲಿ ಉತ್ಸಾಹವು ದಾರಿಯ ಪಕ್ಕದಲ್ಲಿ ಕುಳಿತುಬಿಡುತ್ತದೆ. ಅಲ್ಲಿ ಒಂದು ಹಾಡಿದ್ದರೆ ಕಾಲು ತಾನಾಗಿ ಎದ್ದೀತೆಂಬುದು ಆತನ ನಂಬಿಕೆ.

ಈ ನಂಬಿಕೆ ಹುಸಿಯಲ್ಲ. ಓಡುವವನ ಹೆಜ್ಜೆ ನಿಮಿಷಕ್ಕೆ ನೂರರುವತ್ತು, ನೂರೆಂಬತ್ತರ ಆಸುಪಾಸಿನಲ್ಲಿ ಬೀಳುತ್ತದೆ. ಆ ಲಯದ ಹಾಡು ಕಿವಿಗೆ ಬಿದ್ದರೆ ಕಾಲು ಅದನ್ನು ಹಿಡಿದುಕೊಳ್ಳುತ್ತದೆ. 1998ರಲ್ಲಿ ಇಥಿಯೋಪಿಯದ ಹೈಲೆ ಗೆಬ್ರೆಸೆಲಾಸಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ 2000 ಮೀಟರಿನ ವಿಶ್ವದಾಖಲೆಯನ್ನು ಮುರಿದಾಗ ಅಲ್ಲಿ ಆತನ ಮೆಚ್ಚಿನ ಹಾಡೊಂದು ಮೊಳಗುತ್ತಿದ್ದಿತು. ಆದರೆ ಅದು ಮೊಳಗಿದ್ದು ಕ್ರೀಡಾಂಗಣದ ಧ್ವನಿವರ್ಧಕದಲ್ಲಿ. ಓಟಗಾರನ ಕಿವಿ ಬರಿದಾಗಿಯೇ ಇದ್ದಿತು. ಸ್ಪರ್ಧೆಯಲ್ಲಿ ಹಾಡಿನ ಯಂತ್ರವನ್ನು ಮೈಮೇಲೆ ಧರಿಸುವುದನ್ನು ಅಂತರರಾಷ್ಟ್ರೀಯ ನಿಯಮವು ಹೊರಗಿನ ಸಹಾಯವೆಂದೇ ಎಣಿಸುತ್ತದೆ. ನೇಮಕಾತಿಯ ಮೈದಾನದಲ್ಲಿಯೂ ಅದಕ್ಕೆ ಪ್ರವೇಶವಿಲ್ಲ. ಆದುದರಿಂದ ಹಾಡು ಅಭ್ಯಾಸದ ಗೆಳೆಯನೇ ಹೊರತು ಪರೀಕ್ಷೆಯ ಗೆಳೆಯನಲ್ಲ.

ತರುಣನು ಕೊಪ್ಪಳದ ಪೇಟೆಗೆ ಹೋದನು. ಅಂಗಡಿಯವನು ಮೊದಲು ಕೆಳಗಿಳಿಸಿದುದು ಕಿವಿಯನ್ನು ಪೂರ್ತಿ ಮುಚ್ಚುವ, ಮೆತ್ತೆಯಿಟ್ಟ ದೊಡ್ಡ ಜೋಡಿಯನ್ನು.

“ಇದನ್ನ ಹಾಕ್ಕೊಂಡ್ರ ಹೊರಗಿನ ಪ್ರಪಂಚನ ಇರಂಗಿಲ್ಲ ನೋಡ್ರಿ.”

“ರಸ್ತೆಮ್ಯಾಲೆ ಓಡಾಂವಗ ಪ್ರಪಂಚ ಇರಬೇಕಲ್ರಿ ಅಣ್ಣಾರ!”

ಮಾತು ನಗೆಯಲ್ಲಿ ಮುಗಿಯಿತು; ಆದರೆ ಆಯ್ಕೆಯ ತಿರುಳು ಆ ಮಾತಿನಲ್ಲಿಯೇ ಇದ್ದಿತು. ಮನೆಯಲ್ಲಿ ಕುಳಿತು ಕೇಳುವವನು ಯಂತ್ರದೊಳಗಿಂದ ಏನು ಬರುತ್ತದೆಂದು ನೋಡಿ ಕೊಳ್ಳುತ್ತಾನೆ. ಓಡುವವನು ಹೊರಗಿನಿಂದ ಏನು ಬರಲು ಅದು ಬಿಡುತ್ತದೆಂದು ನೋಡಬೇಕು. ಭಾಗ್ಯನಗರದವನಿಗಂತೂ ಇದು ತಪ್ಪದು. ಆ ಊರಿಗೂ ಕೊಪ್ಪಳಕ್ಕೂ ನಡುವೆ ಗದಗ–ಹೊಸಪೇಟೆಯ ರೈಲುಹಳಿ ಹಾಯ್ದಿದೆ. ವಿದ್ಯುತ್ತಿನಿಂದ ಓಡುವ ಈಗಿನ ರೈಲಿಗೆ ಹಳೆಯ ಎಂಜಿನ್ನುಗಳ ಅಬ್ಬರವಿಲ್ಲ. ಬಂದದ್ದು ತಿಳಿಯುವಷ್ಟರಲ್ಲಿ ಅದು ಬಂದೇಬಿಟ್ಟಿರುತ್ತದೆ. ಹೆದ್ದಾರಿಗೆ ಬಂದರೆ ಗಿಣಿಗೇರಾ ಕಡೆಯ ಕಾರ್ಖಾನೆಗಳ ಲಾರಿಗಳು. ಅವೆರಡೂ ಇಲ್ಲದ ಓಣಿಯಲ್ಲಿ ನಸುಕಿನ ನಾಯಿಗಳು. ಓಡುವವನನ್ನು ಕಂಡರೆ ಅವುಗಳಿಗೇನು ಹಗೆಯೋ!

ದೊಡ್ಡ ಜೋಡಿಗೆ ಬೇರೆ ದೋಷಗಳೂ ಉಂಟು. ಅದರ ಮೆತ್ತೆ ಬೆವರನ್ನು ಹೀರುತ್ತದೆ. ಓಟದ ಕುಲುಕಿಗೆ ಜಾರುತ್ತದೆ. ಬೇಸಗೆಯಲ್ಲಿ ಕಿವಿ ಬೇಯುತ್ತದೆ. ಆಮೇಲೆ ಬಂದುದು ಕಿವಿಯ ತೂತಿನೊಳಗೆ ರಬ್ಬರಿನ ಬಿರಡೆಯಂತೆ ಕೂಡುವ ಚಿಕ್ಕದು. ಹಗುರವಾದುದು, ಅಗ್ಗವಾದುದು. ತರುಣನು ಅದನ್ನು ಧರಿಸಿ ಅಂಗಡಿಯ ಮುಂದೆಯೇ ನಿಂತಲ್ಲಿ ನಾಲ್ಕು ಹೆಜ್ಜೆ ಕುಣಿದು ನೋಡಿದನು. ಒಂದೊಂದು ಹೆಜ್ಜೆಯೂ ತಲೆಯೊಳಗೆ ಡೋಲು ಬಡಿದಂತೆ ಕೇಳಿಸಿತು. ಕಿವಿಯ ಬಾಯಿ ಮುಚ್ಚಿದಾಗ ಎಲುಬಿನಲ್ಲಿ ಹರಿದುಬರುವ ಸದ್ದು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಮೊಳಗುತ್ತದೆ. ಕೊಳ್ಳುವ ಮೊದಲು ಹೀಗೆ ಕುಣಿದು ನೋಡಬೇಕೆಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ದಾರಿಯವರು ನಕ್ಕರೆ ನಗಲಿ.

ಹೊರಗಿನ ಗದ್ದಲವನ್ನು ಎದುರುಸದ್ದಿನಿಂದ ಅಡಗಿಸುವ ಜಾಣಯಂತ್ರವೂ ಅಲ್ಲಿದ್ದಿತು. ಬಸ್ಸಿನಲ್ಲಿ, ವಿಮಾನದಲ್ಲಿ ಅದು ದೊಡ್ಡ ಉಪಕಾರಿ. ರಸ್ತೆಯಲ್ಲಿ ಮಾತ್ರ ಅದನ್ನು ನಿಲ್ಲಿಸಿಬಿಡುವುದೇ ಲೇಸು. ಹೊರಗಿನ ಸದ್ದನ್ನು ಪುಟ್ಟ ಮೈಕಿನಿಂದ ಹಿಡಿದು ಕಿವಿಗೆ ಮುಟ್ಟಿಸುವ ಏರ್ಪಾಡು ಕೆಲವದರಲ್ಲಿದೆ. ಓಡುವಾಗ ಗಾಳಿಯ ಸುಯ್ಯಾಟವೂ ಅದರೊಡನೆಯೇ ಒಳಗೆ ಬರುತ್ತದೆ.

ನೀರಿನ ಮಾತನ್ನು ಅಂಗಡಿಯವನು ಬಿಡಿಸಿ ಹೇಳಿದನು. ಡಬ್ಬಿಯ ಮೇಲೆ ಐಪಿಎಕ್ಸ್ 4 ಎಂದಿದ್ದರೆ ಎಲ್ಲ ಕಡೆಯಿಂದ ಸಿಡಿಯುವ ಹನಿಗಳನ್ನು ತಾಳುತ್ತದೆ. 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಓಟದ ಬೆವರಿಗೆ 4 ಸಾಕು. ಆದರೆ ಈ ಅಂಕೆಗಳ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಬೆವರು ಉಪ್ಪು. ಓಡಿ ಬಂದ ಮೇಲೆ ಒರೆಸಿ ಆರಿಸದೆ ಹಾಗೆಯೇ ವಿದ್ಯುತ್ತಿಗೆ ಹಚ್ಚಿದರೆ ಲೋಹದ ತುದಿಗಳು ತಿಂದುಹೋಗುತ್ತವೆ.

ಕೊನೆಗೆ ತೋರಿಸಿದುದು ಒಂದು ವಿಚಿತ್ರ. ಅದು ಕಿವಿಯನ್ನು ಮುಟ್ಟುವುದೇ ಇಲ್ಲ. ಕಿವಿಯ ಮುಂದಿನ ಕೆನ್ನೆಯೆಲುಬನ್ನು ಒತ್ತಿಕೊಂಡು, ಆ ಎಲುಬನ್ನೇ ನಡುಗಿಸಿ ಹಾಡನ್ನು ಒಳಗಿವಿಗೆ ಕಳುಹಿಸುತ್ತದೆ. ಕಿವಿಯ ಬಾಗಿಲು ತೆರೆದೇ ಇರುತ್ತದೆ. ಮುದ್ರಿಸಿಟ್ಟ ನಮ್ಮ ದನಿ ನಮಗೇ ಪರದನಿಯೆನಿಸುವುದು ಏತಕ್ಕೆಂದರೆ, ಮಾತನಾಡುವಾಗ ನಾವು ನಮ್ಮನ್ನು ಅರ್ಧ ಎಲುಬಿನಿಂದಲೇ ಕೇಳಿಕೊಳ್ಳುತ್ತೇವೆ. ಮುದ್ರಿಕೆಯಲ್ಲಿ ಆ ಎಲುಬಿನ ಪಾಲು ಇರುವುದಿಲ್ಲ. ಈ ಯಂತ್ರದಲ್ಲಿ ಮಂದ್ರದ ಸದ್ದು ಸ್ವಲ್ಪ ಸಪ್ಪೆ. ಹೆಚ್ಚು ಏರಿಸಿದರೆ ಕೆನ್ನೆಗೆ ಕಚಗುಳಿ. ಬೆಲೆ ಮಿಕ್ಕವಕ್ಕಿಂತ ಬಹಳ ಹೆಚ್ಚು. ತರುಣನು ಬೆಲೆ ಕೇಳಿ ಅದನ್ನು ಕೆಳಗಿಟ್ಟನು, ಮತ್ತೆ ಕೈಗೆತ್ತಿಕೊಂಡನು. ಆತನ ಮನಸ್ಸು ಆಗ ತನ್ನ ಕಿವಿಯನ್ನು ಬಿಟ್ಟು ತಂದೆಯ ಕಿವಿಗೆ ಹೋಗಿದ್ದಿತು.

ಭಾಗ್ಯನಗರ ಎರಡು ಎಳೆಗಳ ಊರು. ಒಂದು ನೂಲು, ಮತ್ತೊಂದು ಕೂದಲು. ಒಂದು ಓಣಿಯಲ್ಲಿ ಮಗ್ಗ. ಇನ್ನೊಂದರಲ್ಲಿ ಕೂದಲನ್ನು ಬಿಡಿಸಿ, ಬಾಚಿ, ಅಳತೆಗೆ ತಕ್ಕಂತೆ ಜೋಡಿಸಿ ಹೊರದೇಶಗಳಿಗೆ ಕಳುಹಿಸುವ ಕೆಲಸ. ತರುಣನ ತಂದೆ ಮಗ್ಗದವರು. ಎಳೆತನದಲ್ಲಿ ಕುಣಿಮಗ್ಗ, ಆಮೇಲೆ ಮೂವತ್ತು ವರ್ಷ ವಿದ್ಯುತ್ ಮಗ್ಗದ ಶೆಡ್ಡು. ಲಾಳಿ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಬಡಿಯುವ ಆ ಶೆಡ್ಡುಗಳಲ್ಲಿ ಸದ್ದು 90 ಡೆಸಿಬೆಲನ್ನು ಮೀರುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ ಹಾಡು ಕೇಳುವವರಿಗೆ ಹಾಕಿಕೊಟ್ಟಿರುವ ಲೆಕ್ಕ ಹೀಗಿದೆ: 80 ಡೆಸಿಬೆಲಾದರೆ ವಾರಕ್ಕೆ 40 ಗಂಟೆ, 90 ಆದರೆ ಕೇವಲ 4 ಗಂಟೆ. ಹತ್ತೇ ಅಂಕೆ ಏರಿದುದಕ್ಕೆ ಹತ್ತರಲ್ಲೊಂದು ಪಾಲು! ಮೂರು ಡೆಸಿಬೆಲ್ ಏರಿದಾಗಲೇ ಸದ್ದಿನ ಶಕ್ತಿ ಇಮ್ಮಡಿಯಾಗುವುದರಿಂದ ಲೆಕ್ಕ ಇಷ್ಟು ಕ್ರೂರವಾಗಿದೆ. ಆ ಹಿರಿಯರು ವಾರಕ್ಕೆ ನಾಲ್ಕು ಗಂಟೆ ಅಲ್ಲಿ ನಿಂತವರಲ್ಲ. ದಿನಕ್ಕೆ ಹತ್ತು ಗಂಟೆ ನಿಂತವರು.

ಒಳಗಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಅಲೆಗೆ ಪೈರಿನಂತೆ ಬಾಗಿ ಏಳುವುದು ಅವುಗಳ ಕೆಲಸ. ಬಹಳ ಹೊತ್ತು ಬಾಗಿಸಿಟ್ಟರೆ ಮುರಿಯುತ್ತವೆ. ತಲೆಯ ಕೂದಲು ಉದುರಿದರೆ ಮತ್ತೆ ಬಂದೀತು, ಭಾಗ್ಯನಗರದಲ್ಲಿ ಉದುರಿದುದಕ್ಕೂ ಬೆಲೆಯುಂಟು. ಈ ರೋಮಗಳು ಮಾತ್ರ ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ. ಮೊದಲು ಹೋಗುವುದು ಏರುದನಿಯ ಭಾಗ. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಅಲ್ಲಿದೆ. ಸ್ವರ ಉಳಿಯುತ್ತದೆ, ವ್ಯಂಜನ ಹೋಗುತ್ತದೆ. “ಸಂತಿಗೆ ಹೊಂಟೀನಿ” ಎಂದರೆ ಆ ಹಿರಿಯರಿಗೆ ಯಾರೋ ಎಲ್ಲಿಗೋ ಹೊರಟರೆಂದು ತಿಳಿಯುತ್ತದೆ, ಎಲ್ಲಿಗೆಂದು ತಿಳಿಯುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದವು ನಾಭಿಯಲ್ಲಿ ಕಹಳೆಯಂತೆ ಹುಟ್ಟುವುದೆಂದು ಬಣ್ಣಿಸಿದನು. ಹುಟ್ಟಿದ ಶಬ್ದಕ್ಕೆ ಸೇರುವ ಮನೆ ಪಾಳುಬಿದ್ದರೆ ವೈಯಾಕರಣನಾದರೂ ಏನು ಮಾಡಿಯಾನು?

ಗಟ್ಟಿಯಾಗಿ ಕೂಗಿದರೆ ಅವರಿಗೆ ಸಿಟ್ಟು ಬರುತ್ತದೆ. ಮೆಲ್ಲಗೆ ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಾರೆ. ಮಗನಿಗೆ ಎರಡನೆಯದೇ ಹೆಚ್ಚು ನೋವು.

ಮಗನೂ ಕೆಲವು ತಿಂಗಳುಗಳಿಂದ, ಗೆಳೆಯನಿಂದ ಎರವಲು ಪಡೆದ ಬಿರಡೆಯ ಯಂತ್ರದಲ್ಲಿ, ಲಾರಿಗಳ ಸದ್ದನ್ನು ಮೀರಲೆಂದು ಹಾಡನ್ನು ತುದಿಯವರೆಗೆ ಏರಿಸಿ ಓಡುತ್ತಿದ್ದನು. ಓಟ ಮುಗಿದ ಮೇಲೆ ಅರ್ಧ ಗಂಟೆ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತಿದ್ದಿತು. ನೇಮಕಾತಿಯಲ್ಲಿ ಓಟದ ಆಚೆಗೆ ವೈದ್ಯರ ಪರೀಕ್ಷೆಯಿದೆ. ಅಲ್ಲಿ ಕಿವಿಯನ್ನೂ ನೋಡುತ್ತಾರೆ. ಓಡಿ ಗೆದ್ದು ಕೇಳಿ ಸೋತರೆ! ಆ ಜೀರುಂಡೆಯ ದನಿ ತಂದೆಗೆ ಮೂವತ್ತು ವರ್ಷಗಳಿಂದ ಕೇಳಿಸುತ್ತಿದೆಯೆಂಬುದು ಆತನಿಗೆ ತಿಳಿದುದು ಈಚೆಗೆ, ತಾನೇ ಕೇಳಿದ ಮೇಲೆ.

ಹಣ ಕೊಟ್ಟು ಎಲುಬಿನ ಯಂತ್ರವನ್ನೇ ತಂದನು. ಕಿವಿಯ ದಾರಿ ಕೆಟ್ಟವರಿಗೆ ಎಲುಬಿನ ದಾರಿಯಾದರೂ ಇದ್ದೀತೆಂಬುದು ಆತನ ಗುಟ್ಟಿನ ಆಸೆ. ಆ ಸಂಜೆ ತಂದೆಯ ಕೆನ್ನೆಗೆ ಅದನ್ನು ತಾನೇ ಕೂಡಿಸಿ, ಅವರು ಎಳೆತನದಲ್ಲಿ ಮೆಚ್ಚಿದ ಭಜನೆಯ ಪದವೊಂದನ್ನು ಹಚ್ಚಿದನು. ಹಿರಿಯರು ಕಣ್ಣು ಮುಚ್ಚಿದರು. ಬೆರಳು ತೊಡೆಯ ಮೇಲೆ ತಾಳ ಹಾಕಿತು. ಮಗನ ಮುಖ ಅರಳಿತು.

“ತಾಳ ಛಲೋ ಐತಿ ತಮ್ಮಾ. ಪದದಾಗ ಏನಂತಾನ ಆಂವ?”

ಎಲುಬು ಹಾಡನ್ನು ಒಯ್ದು ಮುಟ್ಟಿಸುವುದು ಅದೇ ಶಂಖಕ್ಕೆ, ಅದೇ ಮುರಿದ ರೋಮಗಳಿಗೆ. ದಾರಿ ಬೇರೆಯಾದರೂ ಮನೆ ಒಂದೇ. ಹೊರಗಿವಿಯೋ ನಡುಗಿವಿಯೋ ಕೆಟ್ಟಿದ್ದರೆ ಈ ದಾರಿ ಫಲಿಸುತ್ತಿದ್ದಿತು. ಸದ್ದಿನಿಂದ ಕೆಟ್ಟ ಕಿವಿಗೆ ಫಲಿಸದು. ಅಂತೆಯೇ, ಎಲುಬಿನ ಯಂತ್ರವೆಂದು ಅದನ್ನು ಮನಬಂದಂತೆ ಏರಿಸುವುದೂ ಕ್ಷೇಮವಲ್ಲ. ಮಗನು ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. ತಂದೆಯ ಎದುರಿಗೆ ಕುಳಿತು, ತುಟಿ ಕಾಣುವಂತೆ, ಪದದ ಒಂದೊಂದು ಸೊಲ್ಲನ್ನೂ ನಿಧಾನವಾಗಿ ಹೇಳಿದನು. ಅವರು ಅದನ್ನು ತಾಳಕ್ಕೆ ಕೂಡಿಸಿಕೊಂಡರು.

ಮರುದಿನ ನಸುಕಿನಲ್ಲಿ ಆತನು ಹೊಸ ಯಂತ್ರವನ್ನು ಧರಿಸಿ ಕ್ರೀಡಾಂಗಣದ ಕಡೆಗೆ ಹೊರಟನು. ಹಾಡಿನ ದನಿ ಅರ್ಧಕ್ಕಿಂತ ಕೆಳಗಿದ್ದಿತು. ರೈಲುಹಳಿ ಸಮೀಪಿಸಿದಾಗ ಅದನ್ನೂ ನಿಲ್ಲಿಸಿ, ಕೊರಳಿಗೆ ಇಳಿಬಿಟ್ಟುಕೊಂಡನು. ಹಿಂದಿನ ಓಣಿಯಲ್ಲಿ ಯಾವುದೋ ಮಗ್ಗ ಆಗಲೇ ಹೂಡಿದ್ದಿತು. ಗದಗಿನ ಕಡೆಯಿಂದ ರೈಲೊಂದು ಬರುತ್ತಿದ್ದಿತು; ಅದು ಕಾಣುವ ಮೊದಲೇ ಆತನಿಗೆ ಕೇಳಿಸಿತು.